ಫ್ರಾನ್ಸಿನಲ್ಲಿ ನೆಲೆಸಿದ ಬೇಗ ನಿವೃತ್ತರು: ಆರೋಗ್ಯ ರಕ್ಷಣೆಯ ಬಾಗಿಲು ಮತ್ತು ಅದರ ಬೆಲೆ

2025ರ ನವೆಂಬರಿನಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯು ಮರುವರ್ಷದ ಸಾಮಾಜಿಕ ಭದ್ರತೆಯ ಆಯವ್ಯಯವನ್ನು ಚರ್ಚಿಸುತ್ತಿದ್ದಾಗ ಒಂದು ತಿದ್ದುಪಡಿಯ ಪರವಾಗಿ ಮತ ಹಾಕಿತು. ಐರೋಪ್ಯ ಒಕ್ಕೂಟದ ಹೊರಗಿನ ದೇಶಗಳಿಂದ ಬಂದು, ಫ್ರಾನ್ಸಿನಲ್ಲಿ ಕೆಲಸ ಮಾಡದೆ, ಸ್ವಂತ ಹಣದಿಂದ ಬದುಕುವ 'ಸಂದರ್ಶಕ' ವೀಸಾದವರು ಸರಕಾರಿ ಆರೋಗ್ಯ ವಿಮೆಗೆ ಸೇರಬೇಕಾದರೆ ವಂತಿಗೆ ಕೊಡಬೇಕು ಎಂಬುದು ಅದರ ಸಾರ. ಚರ್ಚೆಯಲ್ಲಿ ಹೆಚ್ಚಾಗಿ ಕೇಳಿಬಂದದ್ದು ಅಮೆರಿಕದ ನಿವೃತ್ತರ ಹೆಸರು. ಆದರೆ ಬ್ರೆಕ್ಸಿಟ್ ನಂತರ ಅಲ್ಲಿಗೆ ಹೋದ ಬ್ರಿಟಿಷ್ ಪ್ರಜೆಗಳೂ ಭಾರತದ ಪಾಸ್‌ಪೋರ್ಟ್ ಇರುವವರೂ ಇದೇ ವೀಸಾದ ಸಾಲಿಗೆ ಸೇರುತ್ತಾರೆ.

ನಮ್ಮ ಕರಾವಳಿಯಿಂದ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಸರಕಾರಿ ಆಸ್ಪತ್ರೆಗಳಲ್ಲಿ ದಾದಿಯರಾಗಿ ದುಡಿದು ಅಲ್ಲಿಯ ಪೌರತ್ವ ಪಡೆದವರಿದ್ದಾರೆ. ಗೋವಾ ಮೂಲದ ಕುಟುಂಬಗಳಲ್ಲಿ ಪೋರ್ಚುಗೀಸ್ ಪಾಸ್‌ಪೋರ್ಟ್ ಇರುವವರಿದ್ದಾರೆ. ಕೊಲ್ಲಿ ರಾಷ್ಟ್ರಗಳ ದುಡಿಮೆ ಮುಗಿಸಿ, ಮಕ್ಕಳು ನೆಲೆಸಿದ ಯುರೋಪಿನಲ್ಲಿ ಕೆಲವು ವರ್ಷ ಇರೋಣ ಎಂದು ಯೋಚಿಸುವವರೂ ಇದ್ದಾರೆ. ಇವರಲ್ಲಿ ಅರುವತ್ತರ ಒಳಗೇ ಕೆಲಸ ಬಿಟ್ಟು ಫ್ರಾನ್ಸಿಗೆ ಹೋಗುವವರು ಎದುರಿಸಬೇಕಾದ ಮೊದಲ ಪ್ರಶ್ನೆ ಮನೆಯದ್ದಲ್ಲ, ಆರೋಗ್ಯದ್ದು. ಕಾಯಿಲೆ ಬಂದರೆ ಖರ್ಚು ಯಾರು ಕೊಡುತ್ತಾರೆ?

ಮಧ್ಯದಲ್ಲಿ ಸಿಕ್ಕಿಕೊಂಡವರು

ಫ್ರಾನ್ಸಿನ ಸಾಮಾಜಿಕ ಭದ್ರತಾ ವ್ಯವಸ್ಥೆ ಹುಟ್ಟಿದ್ದು ಎರಡನೆಯ ಮಹಾಯುದ್ಧ ಮುಗಿದ 1945ರ ಅಕ್ಟೋಬರಿನಲ್ಲಿ. ಪಿಯೆರ್ ಲಾರೋಕ್ ಎಂಬ ಅಧಿಕಾರಿ ಅದರ ರೂಪುರೇಷೆಯನ್ನು ಹಾಕಿದರು. ದುಡಿಯುವವರು ಮತ್ತು ಮಾಲೀಕರು ಕೊಡುವ ವಂತಿಗೆಯೇ ಅದರ ಬುನಾದಿ. ಹೀಗಾಗಿ ಕಾರ್ಮಿಕನಿಗೆ, ಅವನ ಹೆಂಡತಿ ಮಕ್ಕಳಿಗೆ ಮತ್ತು ಪಿಂಚಣಿದಾರರಿಗೆ ರಕ್ಷಣೆ ಸಿಕ್ಕಿತು. ದುಡಿಮೆಯೂ ಇಲ್ಲದ, ಪಿಂಚಣಿಯೂ ಬಾರದ ವ್ಯಕ್ತಿಗೆ ಅಲ್ಲಿ ಸಹಜವಾದ ಜಾಗ ಇರಲಿಲ್ಲ. 1999ರ ಜುಲೈ 27ರ ಕಾನೂನು ಈ ಕೊರತೆಯನ್ನು ತುಂಬಲು ಹೊರಟಿತು. 2000ದ ಜನವರಿ 1ರಿಂದ 'ಸಿಎಂಯು' ಎಂಬ ಸಾರ್ವತ್ರಿಕ ರಕ್ಷಣೆ ಜಾರಿಗೆ ಬಂತು.

ಬೇಗ ನಿವೃತ್ತಿಯಾಗಿ ಫ್ರಾನ್ಸಿನ ಹಳ್ಳಿಗಳಲ್ಲಿ ಮನೆ ಕೊಂಡ ಬ್ರಿಟಿಷರು ಸ್ವದೇಶದಲ್ಲಿ ಕಟ್ಟಿದ ವಂತಿಗೆಯ ಬಲದಿಂದ 'ಇ106' ಪತ್ರ ಪಡೆದು ಸುಮಾರು ಎರಡು ವರ್ಷ ರಕ್ಷಣೆ ಅನುಭವಿಸುತ್ತಿದ್ದರು. ಆ ಅವಧಿ ಮುಗಿದ ಮೇಲೆ ಸಿಎಂಯುಗೆ ಸೇರುತ್ತಿದ್ದರು.

2007ರಲ್ಲಿ ಈ ದಾರಿ ಮುಚ್ಚಿತು. ಒಕ್ಕೂಟದ 2004ರ ನಿರ್ದೇಶನದ ಪ್ರಕಾರ, ಕೆಲಸ ಮಾಡದ ಪ್ರಜೆಯು ಬೇರೊಂದು ಸದಸ್ಯ ದೇಶದಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಕಾಲ ನೆಲೆಸಬೇಕಾದರೆ ಸಾಕಷ್ಟು ಆದಾಯವನ್ನೂ ಪೂರ್ಣ ಆರೋಗ್ಯ ವಿಮೆಯನ್ನೂ ಹೊಂದಿರಬೇಕು. ಐದು ವರ್ಷ ಕ್ರಮಬದ್ಧವಾಗಿ ನೆಲೆಸಿದ ಮೇಲೆ ಶಾಶ್ವತ ವಾಸದ ಹಕ್ಕು ಸಿಗುತ್ತದೆ. ಈ ನಿಯಮವನ್ನು ಆಧರಿಸಿ, 2007ರ ನವೆಂಬರ್ 23ರ ಸುತ್ತೋಲೆಯು ಪಿಂಚಣಿ ವಯಸ್ಸು ತಲುಪದ, ದುಡಿಯದ ಐರೋಪ್ಯ ಪ್ರಜೆಗಳಿಗೆ ಸಿಎಂಯು ನಿರಾಕರಿಸಿತು. ಅದಾಗಲೇ ನೋಂದಾಯಿತರಾಗಿದ್ದವರೂ ಹೊರಬೀಳುವ ಭೀತಿ ಹುಟ್ಟಿತು.

ಆರೋಗ್ಯವಂತರು ಖಾಸಗಿ ವಿಮೆ ಕೊಳ್ಳಬಹುದು. ಆದರೆ ಹೃದ್ರೋಗಿ, ಮಧುಮೇಹಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ಏನು ಮಾಡಬೇಕು? ಇರುವ ಕಾಯಿಲೆಗೆ ಖಾಸಗಿ ಕಂಪೆನಿಗಳು ವಿಮೆ ಕೊಡಲು ಹಿಂಜರಿಯುತ್ತವೆ. ಪ್ರತಿಭಟನೆಗಳ ನಂತರ ಸರಕಾರ ಸ್ವಲ್ಪ ಹಿಂದೆ ಸರಿದು, ಆ ನವೆಂಬರ್ 23ಕ್ಕೆ ಮುಂಚೆ ನೆಲೆಸಿದ್ದವರನ್ನು ಉಳಿಸಿಕೊಂಡಿತು. ಅಂದಿನ ಪಾಠ ಇಂದಿಗೂ ಪ್ರಸ್ತುತ. ವಿಮೆಯ ಅಗತ್ಯ ಯಾರಿಗೆ ಹೆಚ್ಚೋ ಅವರಿಗೇ ಮಾರುಕಟ್ಟೆಯಲ್ಲಿ ಅದು ಸಿಗುವುದು ಕಷ್ಟ.

2016ರ ಬದಲಾವಣೆ

2016ರ ಜನವರಿ 1ರಿಂದ ಸಿಎಂಯುವಿನ ಮೂಲ ರಕ್ಷಣೆಯ ಜಾಗದಲ್ಲಿ 'ಪ್ಯೂಮಾ' ಬಂತು. ಸಾರ್ವತ್ರಿಕ ಆರೋಗ್ಯ ರಕ್ಷಣೆ ಎಂಬುದರ ಫ್ರೆಂಚ್ ಹ್ರಸ್ವರೂಪ ಇದು. "ನೀನು ದುಡಿಯುತ್ತೀಯಾ, ಯಾರ ಅವಲಂಬಿತ?" ಎಂಬ ಹಳೆಯ ಪ್ರಶ್ನೆಯ ಬದಲು "ನೀನು ಇಲ್ಲಿ ಸ್ಥಿರವಾಗಿ, ಕ್ರಮಬದ್ಧವಾಗಿ ನೆಲೆಸಿದ್ದೀಯಾ?" ಎಂದು ಕೇಳುವುದು ಇದರ ಕ್ರಮ. ದುಡಿಯದವರು ಮೂರು ತಿಂಗಳು ಎಡೆಬಿಡದೆ ಫ್ರಾನ್ಸಿನಲ್ಲಿ ವಾಸಿಸಿದ ಮೇಲೆ ಅರ್ಜಿ ಹಾಕಬಹುದು. ಮುಂದೆಯೂ ವರ್ಷಕ್ಕೆ ಆರು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿಯೇ ಇರಬೇಕು. ಊರಿನ ಮಳೆಗಾಲ ತಪ್ಪಿಸಿಕೊಳ್ಳಲು ಮೂರ್ನಾಲ್ಕು ತಿಂಗಳಿಗಷ್ಟೇ ಹೋಗಿಬರುವವರಿಗೆ ಇದು ಅನ್ವಯಿಸದು.

ಇನ್ನೊಂದು ಬದಲಾವಣೆ ಹೆಂಗಸರಿಗೆ ಸಂಬಂಧಿಸಿದ್ದು. ಹಿಂದೆ ದುಡಿಯದ ಹೆಂಡತಿ ಗಂಡನ ಅವಲಂಬಿತಳಾಗಿ ವಿಮೆ ಪಡೆಯುತ್ತಿದ್ದಳು. ಪ್ಯೂಮಾದಲ್ಲಿ ಪ್ರತಿಯೊಬ್ಬ ವಯಸ್ಕರಿಗೂ ಸ್ವಂತ ಹೆಸರಿನಲ್ಲಿ ಹಕ್ಕು. ಆದುದರಿಂದ ದಂಪತಿಗಳು ಎರಡು ಪ್ರತ್ಯೇಕ ಅರ್ಜಿ ಹಾಕಬೇಕು. ಗಂಡ ತೀರಿಹೋದರೂ ಹೆಂಡತಿಯ ರಕ್ಷಣೆ ಕಡಿದುಹೋಗುವುದಿಲ್ಲ.

ಇಂಗ್ಲೆಂಡಿನ ದಾದಿಯರು ಗಮನಿಸಬೇಕಾದದ್ದು

ಬ್ರಿಟನ್ನಿನ ಸರಕಾರಿ ವೃದ್ಧಾಪ್ಯ ಪಿಂಚಣಿ ಪಡೆಯುವವರಿಗೆ 'ಎಸ್1' ಎಂಬ ಪತ್ರ ಸಿಗುತ್ತದೆ. ಅದನ್ನು ಫ್ರಾನ್ಸಿನಲ್ಲಿ ನೋಂದಾಯಿಸಿದರೆ ಚಿಕಿತ್ಸೆಯ ಹೊರೆಯನ್ನು ಬ್ರಿಟನ್ ಹೊರುತ್ತದೆ. ಬ್ರೆಕ್ಸಿಟ್ ನಂತರವೂ ಈ ಏರ್ಪಾಡು ಉಳಿದಿದೆ. ಆದರೆ ಆಸ್ಪತ್ರೆಯ ನೌಕರಿಯಿಂದ ಬರುವ ಪಿಂಚಣಿ ಬೇರೆ, ಸರಕಾರಿ ವೃದ್ಧಾಪ್ಯ ಪಿಂಚಣಿ ಬೇರೆ. ಹಳೆಯ ಯೋಜನೆಯಲ್ಲಿದ್ದ ದಾದಿಯೊಬ್ಬರು 60ರಲ್ಲಿ ಆಸ್ಪತ್ರೆಯ ಪಿಂಚಣಿ ಪಡೆದರೂ ಅದರಿಂದ ಎಸ್1 ಸಿಗುವುದಿಲ್ಲ. ವೃದ್ಧಾಪ್ಯ ಪಿಂಚಣಿಯ ವಯಸ್ಸು 66 ಆಗಿದ್ದು, 1960ರ ಏಪ್ರಿಲ್ 6ರಿಂದೀಚೆಗೆ ಹುಟ್ಟಿದವರಿಗೆ ಹಂತಹಂತವಾಗಿ 67ಕ್ಕೆ ಏರುತ್ತದೆ. ಬೇಗ ನಿವೃತ್ತರಿಗೆ ಸೀಮಿತ ಅವಧಿಗೆ ಸಿಗುತ್ತಿದ್ದ ಎಸ್1 ಪತ್ರವನ್ನು ಬ್ರಿಟನ್ 2014ರ ಜುಲೈನಲ್ಲೇ ನಿಲ್ಲಿಸಿತು. ಹೀಗೆ ಆರೇಳು ವರ್ಷಗಳ ಅಂತರವೊಂದು ಉಳಿಯುತ್ತದೆ. ಆ ಅಂತರವನ್ನು ದಾಟಲು ಇರುವ ಸೇತುವೆ ಪ್ಯೂಮಾ.

2020ರ ಡಿಸೆಂಬರ್ 31ಕ್ಕೆ ಮುಂಚೆ ಫ್ರಾನ್ಸಿನಲ್ಲಿ ಕ್ರಮಬದ್ಧವಾಗಿ ನೆಲೆಸಿದ್ದ ಬ್ರಿಟಿಷ್ ಪ್ರಜೆಗಳ ಹಕ್ಕುಗಳಿಗೆ ನಿರ್ಗಮನ ಒಪ್ಪಂದದ ರಕ್ಷಣೆಯಿದೆ. ಆ ಬಳಿಕ ಹೋದವರು ಭಾರತೀಯರಂತೆಯೇ ದೀರ್ಘಾವಧಿ ವೀಸಾ ಪಡೆಯಬೇಕು, ಫ್ರಾನ್ಸಿನಲ್ಲಿ ಕೆಲಸ ಮಾಡುವುದಿಲ್ಲ ಎಂದು ಬರೆದುಕೊಡಬೇಕು ಮತ್ತು ಖಾಸಗಿ ಆರೋಗ್ಯ ವಿಮೆಯನ್ನು ತೋರಿಸಬೇಕು. ಈ ವಿಮೆಯನ್ನು ಮೂರು ತಿಂಗಳಿಗೆ ಮಾತ್ರ ಮಾಡಿಸುವುದು ಜಾಣತನವಲ್ಲ. ಅರ್ಜಿ ಹಾಕಿದ ಮೇಲೂ ತೀರ್ಮಾನಕ್ಕೆ ತಿಂಗಳುಗಳೇ ಹಿಡಿಯಬಹುದು.

ಕಾಗದಪತ್ರಗಳ ಹಾದಿ

ಅರ್ಜಿ ಸಲ್ಲಿಸಬೇಕಾದದ್ದು ವಾಸಿಸುವ ಜಿಲ್ಲೆಯ ಆರೋಗ್ಯ ವಿಮಾ ಕಚೇರಿಗೆ. ಇದನ್ನು ಅಲ್ಲಿ 'ಸಿಪಿಎಎಂ' ಎನ್ನುತ್ತಾರೆ. ಪಾಸ್‌ಪೋರ್ಟ್, ವೀಸಾ ಅಥವಾ ವಾಸದ ಪರವಾನಗಿ, ಮೂರು ತಿಂಗಳ ವಾಸಕ್ಕೆ ಬಾಡಿಗೆ ರಶೀದಿ ಇಲ್ಲವೇ ವಿದ್ಯುತ್ ಬಿಲ್, ಬ್ಯಾಂಕ್ ಖಾತೆಯ ವಿವರ ಹಾಗೂ ಜನನ ಪ್ರಮಾಣಪತ್ರ ಬೇಕು. ಮಕ್ಕಳ ಮನೆಯಲ್ಲಿ ಇರುವವರು ಮನೆಯವರಿಂದ ವಾಸದ ಬಗ್ಗೆ ಲಿಖಿತ ಹೇಳಿಕೆ ಪಡೆಯಬೇಕು. ಕೊಟ್ಟ ಪ್ರತಿಯೊಂದು ಕಾಗದದ ನಕಲು ಇಟ್ಟುಕೊಳ್ಳುವುದು ಒಳ್ಳೆಯದು. ಕಚೇರಿಯು ಮತ್ತೆ ಕೇಳುವುದು ಅಪರೂಪವಲ್ಲ.

ನಮ್ಮವರಿಗೆ ಇದರಲ್ಲಿ ಅತಿ ಹೆಚ್ಚು ತೊಡಕಾಗುವುದು ಜನನ ಪ್ರಮಾಣಪತ್ರ. 1950-60ರ ದಶಕಗಳಲ್ಲಿ ಮನೆಯಲ್ಲೇ ಹುಟ್ಟಿದ ಅನೇಕರ ಜನನ ಪಂಚಾಯತ್‌ನಲ್ಲಿ ದಾಖಲಾಗಿಲ್ಲ. ಅವರ ಕೈಯಲ್ಲಿರುವುದು ಇಗರ್ಜಿಯ ದೀಕ್ಷಾಸ್ನಾನದ ಪ್ರಮಾಣಪತ್ರ ಮಾತ್ರ. ಫ್ರಾನ್ಸಿನ ಕಚೇರಿಗೆ ಬೇಕಾಗಿರುವುದು ತಂದೆ ತಾಯಿಯ ಹೆಸರಿರುವ ನಾಗರಿಕ ದಾಖಲೆ. ಇಗರ್ಜಿಯ ಪತ್ರ ಅದರ ಜಾಗವನ್ನು ತುಂಬದು.

ಹಾಗೆಂದು ಇಗರ್ಜಿಯ ದಾಖಲೆ ಉಪಯೋಗಕ್ಕೆ ಬಾರದ್ದೇನಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯಡಿ ಒಂದು ವರ್ಷ ಮೀರಿದ ಜನನವನ್ನೂ ದಂಡಾಧಿಕಾರಿಯ ಆದೇಶ ಪಡೆದು ದಾಖಲಿಸಬಹುದು. 2023ರ ತಿದ್ದುಪಡಿಯ ನಂತರ ಈ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಬಳಿ ಇದೆ. ಅಲ್ಲಿ ಆಧಾರವಾಗಿ ಮುಂದಿಡಲು ದೀಕ್ಷಾಸ್ನಾನದ ದಾಖಲೆ ನೆರವಾಗುತ್ತದೆ. ನೋಂದಣಿಯಾದ ಮೇಲೆ ಪತ್ರಕ್ಕೆ ಅಪೋಸ್ಟಿಲ್ ಮುದ್ರೆ ಬೇಕಾಗುತ್ತದೆ. ಭಾರತ 2005ರಿಂದ ಈ ಅಂತರರಾಷ್ಟ್ರೀಯ ಒಪ್ಪಂದದಲ್ಲಿದೆ. ಬಳಿಕ ಫ್ರಾನ್ಸಿನ ಪ್ರಮಾಣೀಕೃತ ಭಾಷಾಂತರಕಾರರಿಂದ ಫ್ರೆಂಚ್ ಅನುವಾದ ಮಾಡಿಸಬೇಕು.

ಹೆಸರಿನ ಕಾಗುಣಿತವೂ ಮುಖ್ಯ. ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಶಾಲಾ ದಾಖಲೆಯಲ್ಲಿ ಇನ್ನೊಂದು ಬಗೆ ಇದ್ದರೆ ಇಲ್ಲಿಂದ ಹೊರಡುವ ಮುನ್ನವೇ ಸರಿಪಡಿಸಬೇಕು. ಅಲ್ಲಿ ಕುಳಿತು ಇಲ್ಲಿನ ಕಚೇರಿಗಳಿಗೆ ಅಲೆದಾಡುವ ಕಷ್ಟ ಊರಿನ ಬಂಧುಗಳ ಮೇಲೆ ಬೀಳುತ್ತದೆ. ಧರ್ಮಕೇಂದ್ರದ ಕಚೇರಿಗೆ ಪ್ರಮಾಣಪತ್ರ ಕೇಳಿಕೊಂಡು ಬರುವ ವಲಸಿಗರಿಗೆ ಈ ಎರಡು ಮಾತು ತಿಳಿಸಿದರೆ ಅದೊಂದು ದೊಡ್ಡ ಉಪಕಾರ.

ಅರ್ಜಿ ಒಪ್ಪಿಗೆಯಾದರೆ ಮೊದಲು ತಾತ್ಕಾಲಿಕ ಸಂಖ್ಯೆ, ನಂತರ ಖಾಯಂ ಸಂಖ್ಯೆ ಮತ್ತು 'ಕಾರ್ತ್ ವಿತಾಲ್' ಎಂಬ ಹಸಿರು ಕಾರ್ಡ್ ಬರುತ್ತದೆ. ಕಾರ್ಡ್ ಬರುವವರೆಗೆ ವೈದ್ಯರಿಂದ ಕಾಗದದ ಚಿಕಿತ್ಸಾ ಚೀಟಿ ಪಡೆದು ಅಂಚೆಯಲ್ಲಿ ಕಳುಹಿಸಿ ಹಣ ವಾಪಸು ಪಡೆಯಬಹುದು.

ಎಲ್ಲವೂ ಉಚಿತವೇ?

ಅಲ್ಲ. ಸಾಮಾನ್ಯ ವೈದ್ಯರ ಭೇಟಿಗೆ 2024ರ ಡಿಸೆಂಬರ್ 22ರಿಂದ 30 ಯೂರೋ ನಿಗದಿಯಾಗಿದೆ. ತನ್ನ ಖಾಯಂ ವೈದ್ಯರನ್ನು ಘೋಷಿಸಿಕೊಂಡವರಿಗೆ ಶೇ. 70, ಅಂದರೆ 21 ಯೂರೋದಲ್ಲಿ 2 ಯೂರೋ ಕಳೆದು 19 ಯೂರೋ ವಾಪಸು ಬರುತ್ತದೆ. ವೈದ್ಯರನ್ನು ಘೋಷಿಸದವರಿಗೆ ಸಿಗುವುದು 7 ಯೂರೋ ಮಾತ್ರ. ಉಳಿದ ಭಾಗಕ್ಕಾಗಿ ಹೆಚ್ಚಿನವರು 'ಮ್ಯೂಚುವೆಲ್' ಎಂಬ ಪೂರಕ ವಿಮೆ ಮಾಡಿಸುತ್ತಾರೆ. ಆದಾಯ ಕಡಿಮೆ ಇರುವವರಿಗೆ 2019ರ ನವೆಂಬರಿನಿಂದ ಸರಕಾರದ ಪೂರಕ ಆರೋಗ್ಯ ಯೋಜನೆಯೊಂದು ಇದೆ. ಕ್ಯಾನ್ಸರ್, ಮಧುಮೇಹದಂತಹ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿ ಹೆಸರು ನಮೂದಾದರೆ, ಆ ಕಾಯಿಲೆಗೆ ಸಂಬಂಧಿಸಿದ ಚಿಕಿತ್ಸೆಗೆ ಸರಕಾರಿ ದರದ ಪೂರ್ತಿ ಮೊತ್ತ ಸಿಗುತ್ತದೆ. 2007ರಲ್ಲಿ ಬಾಗಿಲ ಹೊರಗೆ ನಿಂತ ರೋಗಿಗಳನ್ನು ನೆನೆದರೆ ಈ ಸೌಲಭ್ಯದ ಬೆಲೆ ತಿಳಿಯುತ್ತದೆ.

ಬಂಡವಾಳದ ಆದಾಯದಲ್ಲಿ ಬದುಕುವವರಿಗೆ ಈಗಲೂ ಒಂದು ವಂತಿಗೆ ಇದೆ. ದುಡಿಮೆಯ ಆದಾಯ ತೀರಾ ಕಡಿಮೆಯಿದ್ದು, ಬಡ್ಡಿ, ಲಾಭಾಂಶ, ಬಾಡಿಗೆ ಮುಂತಾದ ಆದಾಯ ಸಾಮಾಜಿಕ ಭದ್ರತೆಯ ವಾರ್ಷಿಕ ಮಿತಿಯ ಅರ್ಧವನ್ನು ಮೀರಿದರೆ ಹೆಚ್ಚಿನ ಭಾಗದ ಮೇಲೆ ಶೇ. 6.5ರಷ್ಟು ವಸೂಲಿಯಾಗುತ್ತದೆ. 2025ರ ಮಿತಿ 47,100 ಯೂರೋ, ಅದರ ಅರ್ಧ 23,550. ದುಡಿಮೆಯಿಲ್ಲದೆ ಇಂತಹ ಆದಾಯ 40,000 ಯೂರೋ ಇದ್ದವರಿಗೆ ಸುಮಾರು 1,069 ಯೂರೋ ವಂತಿಗೆ ಬೀಳುತ್ತದೆ. ಬಿಲ್ ಬರುವುದು ಮರುವರ್ಷದ ಕೊನೆಗೆ. ಪ್ಯೂಮಾ ಉಚಿತ ಎಂದು ನಂಬಿದ್ದವರಿಗೆ ಆಘಾತವಾಗುವುದು ಆಗಲೇ.

ನ್ಯಾಯ ಎಲ್ಲಿದೆ?

2025ರ ತಿದ್ದುಪಡಿಯ ಪರವಾಗಿರುವವರ ವಾದ ಸುಲಭವಾಗಿ ಅರ್ಥವಾಗುವಂಥದ್ದು. ಜೀವನವಿಡೀ ವಂತಿಗೆ ಕೊಟ್ಟ ಫ್ರೆಂಚ್ ಕಾರ್ಮಿಕ ಒಂದೆಡೆ. ತೆರಿಗೆ ಒಪ್ಪಂದಗಳಿಂದಾಗಿ ಫ್ರಾನ್ಸಿಗೆ ಹೆಚ್ಚೇನೂ ಕೊಡದೆ ಮೂರೇ ತಿಂಗಳಲ್ಲಿ ಅದೇ ಸೌಲಭ್ಯ ಪಡೆಯುವ ಶ್ರೀಮಂತ ನಿವೃತ್ತ ಇನ್ನೊಂದೆಡೆ. ಇದು ಸರಿಯೇ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಂದರ್ಶಕ ವೀಸಾದವರೆಲ್ಲರೂ ಶ್ರೀಮಂತರಲ್ಲ. ಮಗಳ ಮನೆಯ ಕೋಣೆಯಲ್ಲಿ ಸಣ್ಣ ಉಳಿತಾಯದಿಂದ ಬದುಕುವ ವಿಧವೆ ತಾಯಿಯೂ ಅದೇ ವೀಸಾದಲ್ಲಿ ಇರಬಹುದು. ಎಲ್ಲರಿಗೂ ಒಂದೇ ಮೊತ್ತ ವಿಧಿಸಿದರೆ ಶ್ರೀಮಂತನಿಗೆ ಅದು ಚಿಲ್ಲರೆ ಹಣ, ಆ ತಾಯಿಗೆ ಮುಚ್ಚಿದ ಬಾಗಿಲು.

ಐರೋಪ್ಯ ನ್ಯಾಯಾಲಯ 2021ರ ಜುಲೈ 15ರಂದು ನೀಡಿದ ತೀರ್ಪು ಇಲ್ಲಿ ದಾರಿ ತೋರಿಸುತ್ತದೆ. ಹೆಂಡತಿ ಮಕ್ಕಳೊಂದಿಗೆ ಇರಲು ಲಾಟ್ವಿಯಾಕ್ಕೆ ಹೋದ ಇಟಲಿಯ ಪ್ರಜೆಯೊಬ್ಬನಿಗೆ ಅಲ್ಲಿನ ಸರಕಾರಿ ಆರೋಗ್ಯ ರಕ್ಷಣೆ ನಿರಾಕರಿಸಲಾಗಿತ್ತು. ದುಡಿಯದ ಐರೋಪ್ಯ ಪ್ರಜೆಯನ್ನು ಸರಕಾರಿ ವಿಮೆಯಿಂದ ಹೊರಗಿಡುವಂತಿಲ್ಲ, ಆದರೆ ಅದು ಉಚಿತವೇ ಆಗಿರಬೇಕೆಂದಿಲ್ಲ ಎಂದು ನ್ಯಾಯಾಲಯ ಹೇಳಿತು. ಪೋರ್ಚುಗೀಸ್ ಪಾಸ್‌ಪೋರ್ಟಿನ ನಮ್ಮವರಿಗೆ ಈ ತೀರ್ಪು ನೇರವಾಗಿ ಅನ್ವಯಿಸುತ್ತದೆ. ಒಕ್ಕೂಟದ ಹೊರಗಿನವರಿಗೆ ಇದು ಕಾನೂನಾಗಿ ಅನ್ವಯಿಸದಿದ್ದರೂ ಇದರ ತತ್ವ ಎಲ್ಲೆಡೆ ಸಲ್ಲುವಂಥದ್ದು. ಬಾಗಿಲು ತೆರೆದಿರಲಿ, ವಂತಿಗೆ ಅವರವರ ಶಕ್ತಿಗೆ ತಕ್ಕಂತೆ ಇರಲಿ.

ಹೋಗಬಯಸುವವರು ಇದರಿಂದ ತಿಳಿಯಬೇಕಾದದ್ದು ಇಷ್ಟು. ಕನಿಷ್ಠ ಒಂದು ವರ್ಷದ ಖಾಸಗಿ ವಿಮೆಗೆ ಹಣ ತೆಗೆದಿಡಿ. ಜನನ ಪ್ರಮಾಣಪತ್ರವನ್ನು ಊರಿನಲ್ಲೇ ಸರಿಮಾಡಿಸಿ. ವಂತಿಗೆಯನ್ನು ಮನೆಖರ್ಚಿನ ಲೆಕ್ಕದಲ್ಲಿ ಸೇರಿಸಿ. ಹೊಸ ವಂತಿಗೆಯ ಮೊತ್ತ ಮತ್ತು ವಿನಾಯಿತಿಗಳನ್ನು ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ವಿಮಾ ಕಚೇರಿಯಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಕಾಯಿಲೆ ಇರುವವರಂತೂ ಈ ಉತ್ತರ ಕೈಸೇರುವ ಮುನ್ನ ಊರಿನ ಮನೆ ಮಾರುವ ಆತುರ ಮಾಡಬಾರದು.