ಬಡ್ತಿ ಬೇಡವೆನ್ನುವವರ ಮನವಿ

ಗೆ,
ಕಾರ್ಯದರ್ಶಿಗಳು, ಹಣಕಾಸು ಸೇವೆಗಳ ಇಲಾಖೆ,
ಕೇಂದ್ರ ಹಣಕಾಸು ಸಚಿವಾಲಯ, ನವದೆಹಲಿ

ಅರ್ಜಿದಾರರು: ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಸಾರ್ವಜನಿಕ ವಲಯದ ಬ್ಯಾಂಕ್ ನೌಕರರು, ಅಧಿಕಾರಿಗಳು

ವಿಷಯ: ಬಡ್ತಿ, ವರ್ಗಾವಣೆ ಹಾಗೂ ಟಾರ್ಗೆಟ್ ಒತ್ತಡದ ಕುರಿತು

ಮಾನ್ಯರೇ,

ಬಡ್ತಿ ಕೊಡುತ್ತೇವೆಂದರೂ ಬೇಡವೆನ್ನುವ ನೌಕರರು ಬೇರೆ ಉದ್ಯಮಗಳಲ್ಲಿ ಎಷ್ಟಿದ್ದಾರೋ, ಬ್ಯಾಂಕುಗಳಲ್ಲಂತೂ ಧಾರಾಳವಾಗಿ ಸಿಗುತ್ತಾರೆ. ಹದಿನೈದಿಪ್ಪತ್ತು ವರ್ಷ ಕೌಂಟರಿನಲ್ಲಿ ಕುಳಿತು ಕೆಲಸವನ್ನು ಅರೆದು ಕುಡಿದಿರುವ ಕ್ಲರ್ಕ್, ಅಧಿಕಾರಿ ಹುದ್ದೆಯ ಪರೀಕ್ಷೆಗೆ ಅರ್ಜಿಯನ್ನೇ ಹಾಕುವುದಿಲ್ಲ. ಇದನ್ನು ಸೋಮಾರಿತನವೆಂದು ಮೇಲಿನವರು ಬಗೆದರೆ ತಪ್ಪು. ಅಧಿಕಾರಿ ಶ್ರೇಣಿಯ ಮೊದಲ ಮೆಟ್ಟಿಲಾದ ಸ್ಕೇಲ್ ಒನ್‌ಗೆ ಏರಿದೊಡನೆ ಹೆಸರು ಅಖಿಲ ಭಾರತ ವರ್ಗಾವಣೆಯ ಲೆಕ್ಕಕ್ಕೆ ಸೇರುತ್ತದೆ. ಬೈಂದೂರಿನ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಪಿಯುಸಿಯ ಮಗ. ಆದೇಶ ಬರುವುದು ಬಿಹಾರಕ್ಕೋ ಒಡಿಶಾಕ್ಕೋ. ಹೆಚ್ಚಿದ ಸಂಬಳ ಎರಡು ಕಡೆ ಸಂಸಾರ ಹೂಡುವುದಕ್ಕೇ ಮುಗಿಯುತ್ತದೆ.

ಈ ಎರಡು ಜಿಲ್ಲೆಗಳಿಗೆ ಪೆಟ್ಟು ಸ್ವಲ್ಪ ಜೋರಾಗಿಯೇ ಬಿದ್ದಿದೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್, 1931ರಲ್ಲಿ ಮತ್ತೆ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿಗೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲೂ ವಿಲೀನವಾದವು. ಮಣಿಪಾಲ, ಮಂಗಳೂರಿನ ಪ್ರಧಾನ ಕಚೇರಿಗಳು ಆ ಸ್ಥಾನ ಕಳೆದುಕೊಂಡವು. ಮೇಲೇರಿದರೂ ಊರ ಹತ್ತಿರವೇ ಇರಬಹುದೆಂಬ ಆಸೆ ಕಮರಿತು.

2024ರ ಕೊನೆಯಲ್ಲಿ ಇಲಾಖೆಯೇ ಬ್ಯಾಂಕುಗಳಿಗೆ ಕೊಟ್ಟ ಸಲಹೆಯಲ್ಲಿ, ಸ್ಕೇಲ್ ತ್ರೀವರೆಗಿನ ಅಧಿಕಾರಿಗಳನ್ನು ಅವರ ಭಾಷಾ ವಲಯದಲ್ಲೇ ಇರಿಸಿಕೊಳ್ಳುವ ಮಾತಿದೆ. ಸಲಹೆ ಸಲಹೆಯಾಗಿಯೇ ಉಳಿಯದೆ ಕಡ್ಡಾಯವಾಗಬೇಕೆಂಬುದು ಅರ್ಜಿದಾರರ ಮೊದಲ ಬೇಡಿಕೆ. ಇದರಿಂದ ಗ್ರಾಹಕರಿಗೂ ಲಾಭವಿದೆ. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಚಂದಾಪುರದ ಶಾಖೆಯೊಂದರಲ್ಲಿ ಕನ್ನಡದ ವಿಚಾರಕ್ಕೆ ನಡೆದ ಜಟಾಪಟಿ ರಾಜ್ಯದ ತುಂಬ ಸುದ್ದಿಯಾಯಿತು. ಅತ್ತ ಕನ್ನಡದ ಅಧಿಕಾರಿ ಪಟ್ನಾದಲ್ಲಿ ತಡವರಿಸುತ್ತಿರುತ್ತಾರೆ, ಇತ್ತ ಹಿಂದಿಯ ಅಧಿಕಾರಿ ಕುಂದಾಪುರದಲ್ಲಿ. ಈ ಅದಲುಬದಲಿನಿಂದ ಯಾರಿಗೆ ಏನು ಸಿಕ್ಕಿತೆಂದು ಯಾರೂ ವಿವರಿಸಿಲ್ಲ.

ಇನ್ನು ಟಾರ್ಗೆಟ್. ಬೆಳೆಸಾಲ ನವೀಕರಿಸಲು ಬಂದ ಅಡಿಕೆ ಬೆಳೆಗಾರರಿಗೆ, ಲಾಕರ್ ಕೇಳಿ ಬಂದ ನಿವೃತ್ತ ಶಿಕ್ಷಕಿಗೆ ವಿಮಾ ಪಾಲಿಸಿ ಅಂಟಿಸಬೇಕು. ಸಂಜೆ ಏಳಕ್ಕೆ ವಿಡಿಯೊ ಕಾನ್ಫರೆನ್ಸ್. ಪಾಲಿಸಿ ಸೊನ್ನೆಯಾದ ಶಾಖೆಯ ಹೆಸರನ್ನು ಎಲ್ಲರೆದುರು ಓದಲಾಗುತ್ತದೆ. ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದೇ ಪಟ್ಟಿ ಮತ್ತೊಮ್ಮೆ. ವಸೂಲಾಗದ ಸಾಲವನ್ನು ತಾಳ್ಮೆಯಿಂದ ವಸೂಲು ಮಾಡಿದವರಿಗಿಂತ ಪಾಲಿಸಿ ಮಾರಿದವರೇ ಬಡ್ತಿ ಸಂದರ್ಶನದಲ್ಲಿ ಮಿಂಚುತ್ತಾರೆಂಬುದು ಶಾಖೆಗಳಲ್ಲಿ ಎಲ್ಲರಾಡುವ ಮಾತು. 2023ರ ಜೂನ್‌ನಲ್ಲಿ ಕೋಲ್ಕತ್ತಾದ ಖಾಸಗಿ ಬ್ಯಾಂಕೊಂದರ ಅಧಿಕಾರಿ ಆನ್‌ಲೈನ್ ಸಭೆಯಲ್ಲಿ ಕೈಕೆಳಗಿನವರನ್ನು ಗದರುವ ವಿಡಿಯೊ ಹರಿದಾಡಿ, ಅವರು ಅಮಾನತಾದರು. ವಿಡಿಯೊ ಹೊರಬಿದ್ದದ್ದರಿಂದ ಕ್ರಮವಾಯಿತು, ಅಷ್ಟೆ.

ಬ್ಯಾಂಕುಗಳು ತಮ್ಮ ಮೂಲ ಕಸುಬಿನ ಕಡೆ ಗಮನ ಕೊಡಲಿ, ತಪ್ಪು ಹೇಳಿ ವಿಮೆ ಮಾರುವುದು ಬೇಡ ಎಂದು 2024ರ ನವೆಂಬರ್‌ನಲ್ಲಿ ಎಚ್ಚರಿಸಿದವರು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ. ಆದ್ದರಿಂದ ವಾರ್ಷಿಕ ಮೌಲ್ಯಮಾಪನದ ಅಂಕಗಳಿಂದ ವಿಮೆ, ಮ್ಯೂಚುವಲ್ ಫಂಡ್ ಮಾರಾಟವನ್ನು ಕೈಬಿಡುವಂತೆ ಆದೇಶಿಸಬೇಕು. ಬಡ್ತಿ ಪರೀಕ್ಷೆ ಮತ್ತು ಸಂದರ್ಶನದ ಅಂಕಗಳು ಅಭ್ಯರ್ಥಿಯ ಕೈಗೆ ಲಿಖಿತವಾಗಿ ಸಿಗಬೇಕು; ಅನುತ್ತೀರ್ಣರಾದವರು ಕಾರಣ ಊಹಿಸುತ್ತ ಕೂರುವಂತಾಗಬಾರದು. ಕಚೇರಿ ವೇಳೆ ಮುಗಿದ ಮೇಲಿನ ಸಭೆಗೆ ಲಿಖಿತ ಕಾರಣ ನಮೂದಾಗಬೇಕು. ಸಾಮಾನ್ಯ ವರ್ಗಾವಣೆಯ ಆದೇಶಗಳು ಶಾಲೆ ಶುರುವಾಗುವ ಮೊದಲೇ ಕೈಸೇರಬೇಕು.

ಐದು ದಿನದ ವಾರದ ಬೇಡಿಕೆಯನ್ನು ಅರ್ಜಿದಾರರು ಇಲ್ಲಿ ಬೇಕೆಂದೇ ಎತ್ತಿಲ್ಲ; ಅದನ್ನು ಸಂಘಗಳು ಪ್ರತ್ಯೇಕವಾಗಿ ಮುಂದಿಟ್ಟಿವೆ. ಈ ಮನವಿಗೆ ಮುಂದಿನ ಬಡ್ತಿ ಪ್ರಕ್ರಿಯೆಯ ಸುತ್ತೋಲೆ ಹೊರಡುವ ಮುನ್ನ ಲಿಖಿತ ಉತ್ತರವನ್ನು ಕೋರಲಾಗಿದೆ.

ಪ್ರತಿ: ಮುಖ್ಯ ಕಾರ್ಮಿಕ ಆಯುಕ್ತರು (ಕೇಂದ್ರ), ನವದೆಹಲಿ