ಅಂಕ ಬರೆಯುವ ಹುಡುಗ

ಖೋ-ಖೋ ಆಟಕ್ಕೆ ನಿಯಮಗಳನ್ನು ಗೊತ್ತುಪಡಿಸುವ ಸಮಿತಿಯು 1914ರಲ್ಲಿ ಏರ್ಪಟ್ಟುದು ನಮ್ಮ ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ. ಅಂತಹ ಊರಿನಲ್ಲಿದ್ದುಕೊಂಡು ಖೋ-ಖೋ ಆಡಲಾರದ ಹುಡುಗನೂ ಉಂಟೇ ಎಂದು ನೀವು ಕೇಳಬಹುದು. ಉಂಟು. ಬೆನ್ನಿಗೆ ಖೋ ಬಿದ್ದರೂ ಅವನು ಏಳುವುದು ತಡ. ಎದ್ದ ಮೇಲೆ ಯಾವ ದಿಕ್ಕಿಗೆ ಹೊರಡಬೇಕೆಂಬುದು ಮನಸ್ಸಿಗೆ ತಿಳಿದಿದ್ದರೂ ಕಾಲಿಗೆ ತಿಳಿಯದು. ತಂಡ ಸೋಲುವುದು. ಮರುದಿನ ಅವನ ಕೈಗೆ ಕಾಗದವೂ ಪೆನ್ಸಿಲೂ ಬರುವುವು: "ನೀನು ಅಂಕ ಬರಿ."

ಹೀಗೆ ಒಬ್ಬ ಬಾಲಕನನ್ನು ಗೆರೆಯ ಹೊರಗೆ ಕುಳ್ಳಿರಿಸಿದವರಲ್ಲಿ ನಾವೂ ಒಬ್ಬರು. ಅವನಾಗ ಮೂರನೆಯ ತರಗತಿಯಲ್ಲಿದ್ದನು. ತಂದೆ ಕಲಬುರಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದವರು. ಹದಿನೇಳರ ಮಗ್ಗಿಯನ್ನು ತಡೆಯಿಲ್ಲದೆ ಹೇಳುವ ಹುಡುಗ, ಅದನ್ನೇ ಬರೆಯೆಂದರೆ ಅಕ್ಷರಗಳನ್ನು ಗೆರೆಯ ಮೇಲೆ ನಿಲ್ಲಿಸಲಾರನು. ಅಂಗಿಯ ಗುಂಡಿ ಒಂದು ಮೇಲೆ, ಒಂದು ಕೆಳಗೆ. ಡಬ್ಬಿ ತೆರೆದರೆ ಅರ್ಧ ಸಾರು ನೆಲಕ್ಕೆ. ನಾವು ಅವನನ್ನು ಸೋಮಾರಿಯೆಂದೆವು. ಪ್ರಗತಿಪತ್ರದಲ್ಲಿಯೂ ಹಾಗೆಯೇ ಬರೆದೆವು. ಅದನ್ನು ಯಾರಿಂದಲೋ ಓದಿಸಿಕೊಂಡು ತಾಯಿ ಶಾಲೆಗೆ ಬಂದರು. "ನನ್ ಮಗ ಆಲ್ಸಿ ಅಲ್ರಿ ಸರ್. ಎಲ್ಲಾರೂ ಮಲಗಿದ ಮ್ಯಾಲ ಒಬ್ಬನೇ ಕುಂತು ಗುಂಡಿ ಹಾಕಿ ಹಾಕಿ ನೋಡ್ತಾನ್ರಿ" ಎಂದರು. ನಮಗೆ ಉತ್ತರ ತೋಚಲಿಲ್ಲ.

ಇದನ್ನು ವೈದ್ಯರು ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್ ಎಂದು ಕರೆಯುತ್ತಾರೆ. ಡಿಸ್ಪ್ರಾಕ್ಸಿಯಾ ಎಂಬ ಹೆಸರೂ ಬಳಕೆಯಲ್ಲಿದೆ. ಕೈಕಾಲುಗಳಿಗೆ ಮಿದುಳು ಕೊಡುವ ಅಪ್ಪಣೆಯ ಕ್ರಮವೂ ಕಾಲವೂ ಸರಿಹೊಂದದಿರುವುದೇ ಇದರ ಲಕ್ಷಣ. ಬುದ್ಧಿಯ ಕೊರತೆ ಇದಕ್ಕೆ ಕಾರಣವಲ್ಲ. 5ರಿಂದ 11 ವರ್ಷದ ನೂರು ಮಕ್ಕಳಲ್ಲಿ ಐದಾರು ಮಂದಿಗೆ ಇದು ಇರುವುದೆಂದು ಅಂದಾಜು, ಗಂಡುಮಕ್ಕಳಲ್ಲಿ ಹೆಚ್ಚು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾನೂನು ಕೂಡ ಕಲಿಕೆಯ ನ್ಯೂನತೆಗಳ ಸಾಲಿನಲ್ಲಿ ಡಿಸ್ಪ್ರಾಕ್ಸಿಯಾವನ್ನು ಹೆಸರಿಸಿದೆ. ಯಾರಿಗೆ ಇದೆ, ಯಾರಿಗಿಲ್ಲ ಎಂದು ನಿರ್ಣಯಿಸಬೇಕಾದವರು ವೈದ್ಯರು, ಮೇಷ್ಟರಲ್ಲ. ಆದರೆ ಸೋಮಾರಿಯೆಂಬ ನಿರ್ಣಯವನ್ನು ನಾವು ವೈದ್ಯರನ್ನು ಕೇಳದೆಯೇ ಕೊಟ್ಟುಬಿಡುತ್ತೇವೆ.

ಇಂತಹ ಮಗುವನ್ನು ಆಟದಿಂದ ಬಿಡಿಸುವುದು ದಯೆಯೆಂದು ನಾವು ತಿಳಿದಿದ್ದೆವು. ಅದು ದಯೆಯಲ್ಲ. ಆಡದವನ ಉಸಿರೂ ಬಲವೂ ಕುಗ್ಗುವುವು. ಕುಗ್ಗಿದವನು ಮುಂದಿನ ಸಲ ಇನ್ನೂ ಬೇಗ ಎಡವುವನು. ಎಡವಿದವನು ತಾನಾಗಿಯೇ ದೂರ ನಿಲ್ಲುವನು. ಊರಿನಲ್ಲಾದರೆ ಲಗೋರಿ, ಕುಂಟೆಬಿಲ್ಲೆಗಳಿಗೆ ಅಂಗಳವಿತ್ತು, ನೋಡುವವರಿಲ್ಲದ ಹೊತ್ತೂ ಇತ್ತು. ಇಲ್ಲಿ ಒಂದೇ ಕೋಣೆಯ ಮನೆಯ ಮಗುವಿಗೆ ಶಾಲೆಯ ಆಟದ ಅವಧಿಯೊಂದೇ ಗತಿ. ಪರೀಕ್ಷೆ ಬಂದಾಗ ಅದನ್ನೂ ಕಸಿದುಕೊಳ್ಳುವ ಗಣಿತದ ಮೇಷ್ಟರುಗಳಿದ್ದಾರೆ. (ನಾವೂ ಕಸಿದಿದ್ದೇವೆ, ಒಪ್ಪಿಕೊಳ್ಳುತ್ತೇವೆ.)

ಆಡಬೇಕಾದ ಆಟವನ್ನೇ ಬಿಡಿಬಿಡಿಯಾಗಿ ಕಲಿಸುವುದು ಫಲಕಾರಿಯೆಂದು ಬಲ್ಲವರು ಹೇಳುತ್ತಾರೆ. ಕೆನಡಾ ದೇಶದ ಚಿಕಿತ್ಸಕರು ರೂಪಿಸಿದ ಒಂದು ಕ್ರಮದಲ್ಲಿ ಮಗುವೇ ತನ್ನ ಗುರಿಯನ್ನು ಹೇಳಬೇಕು, ಉಪಾಯವನ್ನು ಹುಡುಕಬೇಕು, ಮಾಡಬೇಕು, ಸರಿಯಾಯಿತೇ ಎಂದು ತಾನೇ ನೋಡಿಕೊಳ್ಳಬೇಕು. ನಾವೂ ಹಾಗೆ ಆರಂಭಿಸಿದೆವು. ಮೊದಲ ವಾರ ಕುಳಿತು ಏಳುವುದಷ್ಟೇ. ಬಳಿಕ ಮೂವರೇ ಕುಳಿತು, ಓಡದೆ ನಡೆದೇ ಖೋ. "ಎಡಗಾಲು ಮುಂದಿಟ್ಟು ಕುಂತರ ಲಗೂನ ಏಳಾಕ ಬರತೈತ್ರಿ ಸರ್" ಎಂದು ಕಂಡುಹಿಡಿದವನು ಆ ಬಾಲಕನೇ. ನಮಗೆ ಅದು ಹೊಳೆದಿರಲಿಲ್ಲ. ಅವನು ಚತುರ ಆಟಗಾರನಾದನೆಂದು ನಾವು ಬರೆಯಲಾರೆವು. ಈಗಲೂ ಎಡವುತ್ತಾನೆ. ಆದರೆ ಆಡುತ್ತಾನೆ.

ತಂಡ ಸೋತರೆ ಹೇಗೆ ಎಂದು ನಿಮ್ಮಲ್ಲಿ ಕೆಲವರು ಕೇಳಿದಿರಿ. ಅಂತರಶಾಲಾ ಪಂದ್ಯಕ್ಕೆ ಆಯ್ದ ತಂಡವೇ ಹೋಗಲಿ, ನಮ್ಮ ಆಕ್ಷೇಪವಿಲ್ಲ. ತರಗತಿಯ ಆಟದ ಅವಧಿಯಾದರೋ ಎಲ್ಲರಿಗೂ ಸೇರಿದುದು. ಅಲ್ಲಿ ನಾಯಕನು ಗೆಳೆಯರನ್ನು ಒಬ್ಬೊಬ್ಬರನ್ನಾಗಿ ಆರಿಸುತ್ತ, ಕೊನೆಗೆ ಒಬ್ಬನನ್ನು ಉಳಿಸಿ ನಗುವ ಪದ್ಧತಿ ನಿಲ್ಲತಕ್ಕದ್ದು.

ಈ ವರ್ಷ ನಮ್ಮ ತರಗತಿಯಲ್ಲಿ ಅಂಕದ ಕಾಗದವನ್ನು ಸರದಿಯ ಮೇಲೆ ಎಲ್ಲರೂ ಹಿಡಿಯಬೇಕೆಂದು ಗೊತ್ತುಮಾಡಿದ್ದೇವೆ. ಕಳೆದ ವಾರ ಅದು ತಂಡದ ನಾಯಕನ ಕೈಯಲ್ಲಿತ್ತು.