ಪಾಪ ಯಾರದ್ದು?

ಗಂಡನ ಮನೆಯಲ್ಲಿ ಪೆಟ್ಟು ತಿಂದು ತವರಿಗೆ ಬಂದ ಮಗಳಿಗೆ ನಮ್ಮ ಚುಂಚನಕಟ್ಟೆ ಸೀಮೆಯಲ್ಲಿ ನೀರು ಕೊಡುವ ಮೊದಲೇ ಸೀತಮ್ಮನ ಕಥೆ ಹೇಳುತ್ತೇವೆ. ಕೋದಂಡರಾಮನ ಗುಡಿಯಲ್ಲಿ ರಾಮನ ಬಲಕ್ಕೆ ನಿಂತ ಆ ತಾಯಿಗೇ ವನವಾಸ ತಪ್ಪಲಿಲ್ಲ, ನಿನ್ನದೇನು? ಪಡೆದುಕೊಂಡು ಬಂದದ್ದು, ಅನುಭವಿಸಬೇಕು. ಹೀಗೆನ್ನುವವರು ಬೇರೆ ಯಾರೂ ಅಲ್ಲ, ಅತ್ತಿಗೆ, ಸೋದರತ್ತೆ, ಪಕ್ಕದ ಮನೆಯವರು, ನಾವೇ. ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ಓದಿದವರ ಮನೆಯಲ್ಲೂ ಇದೇ ಮಾತು ಕೇಳಿದ್ದೇನೆ. ಈ ಮಾತಿನ ಮೇಲೆ ನನ್ನ ತಕರಾರಿದೆ.

ಯೆಹೂದ್ಯರೂ ಕ್ರೈಸ್ತರೂ ಓದುವ ಬೈಬಲಿನಲ್ಲಿ ಯೋಬನೆಂಬವನ ಕಥೆಯಿದೆ. ರಾಮನ ಗುಡಿಯ ಊರಿನಲ್ಲಿ ಬೈಬಲ್ ಯಾಕೆ ಅನ್ನಬೇಡಿ. ಹಣೆಬರಹದ ಮಾತು ಎಲ್ಲ ಧರ್ಮದವರ ಅಡುಗೆಮನೆಯಲ್ಲೂ ಇದೆ. ಯೋಬ ತಪ್ಪು ಮಾಡದವನು. ಆದರೂ ಒಂದೇ ದಿನದಲ್ಲಿ ದನ, ಕುರಿ, ಒಂಟೆ, ಹತ್ತು ಮಕ್ಕಳು ಎಲ್ಲ ಹೋದರು. ಆಮೇಲೆ ಮೈತುಂಬ ಹುಣ್ಣೆದ್ದು, ಬೂದಿಯಲ್ಲಿ ಕೂತು ಬೋಕಿಯಿಂದ ಕೆರೆದುಕೊಂಡ. (ಆ ಮಕ್ಕಳನ್ನು ಹೆತ್ತವಳಿಗೆ ಕಥೆಯಲ್ಲಿ ಒಂದು ಹೆಸರೂ ಇಲ್ಲ.) ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯವರೆಗೆ ಅವರಂಥ ಗೆಳೆಯರಿಲ್ಲ. ಆಮೇಲೆ ಬಾಯಿಬಿಟ್ಟರು: ದೇವರು ಸುಮ್ಮಸುಮ್ಮನೆ ಶಿಕ್ಷಿಸುವುದಿಲ್ಲ, ನೀನೇ ಏನೋ ಮಾಡಿರಬೇಕು.

ಯೋಬ ಒಪ್ಪಲಿಲ್ಲ. ನನ್ನ ತಪ್ಪೇನು ತೋರಿಸು ಎಂದು ದೇವರನ್ನೇ ನ್ಯಾಯದ ಕಟ್ಟೆಗೆ ಕರೆದ. ದೇವರು ಬಂದು ಯೋಬನನ್ನೂ ಗದರಿದ, ನೋವಿಗೆ ಕಾರಣವನ್ನಂತೂ ಹೇಳಲಿಲ್ಲ. ಆದರೆ ಕೊನೆಗೆ ಸಿಟ್ಟಾದದ್ದು ತನ್ನ ಪರ ವಕಾಲತ್ತು ವಹಿಸಿದ ಆ ಗೆಳೆಯರ ಮೇಲೆ. ನನ್ನ ವಿಷಯದಲ್ಲಿ ಯೋಬನಂತೆ ನೀವು ಸರಿಯಾಗಿ ಆಡಲಿಲ್ಲ, ಹೋಗಿ ಅವನಿಂದಲೇ ನಿಮಗಾಗಿ ಪ್ರಾರ್ಥನೆ ಮಾಡಿಸಿಕೊಳ್ಳಿ ಎಂದ. ಎಷ್ಟೋ ಕಾಲದ ಮೇಲೆ ಯೇಸುವಿನ ಶಿಷ್ಯರೂ ಹುಟ್ಟುಕುರುಡನೊಬ್ಬನನ್ನು ಕಂಡು, ಇದು ಇವನ ಪಾಪವೋ ಹೆತ್ತವರದೋ ಎಂದು ಕೇಳಿದರು. ಇಬ್ಬರದೂ ಅಲ್ಲ ಎಂದ ಯೇಸು.

ಯೋಬನಿಗೆ ತನ್ನ ಕಷ್ಟ ಎಲ್ಲಿಂದ ಬಂತೆಂದು ತಿಳಿಯದು. ನಮ್ಮ ಮಗಳಿಗೆ ಹೊಡೆದವನಿಗೆ ಹೆಸರಿದೆ, ಮನೆ ನಂಬರಿದೆ. ಬೈಕು ಸಾಲದು, ಸರ ಸಾಲದು ಅಂದ ಅತ್ತೆಮಾವಂದಿರಿಗೂ ಇದೆ. ಹಿಂದಿನ ಜನ್ಮ ಎಂದ ಕೂಡಲೇ ಇವರೆಲ್ಲ ಪಾರು! ಗಂಡ ಮತ್ತವನ ಮನೆಯವರ ಕ್ರೌರ್ಯ 1983ರಿಂದಲೂ ಅಪರಾಧ. ಆಗಿನ 498ಎ, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಅದರಲ್ಲಿ ಪೂರ್ವಜನ್ಮದ ಮಾತಿಲ್ಲ.

ಕಥೆಯ ಕೊನೆಯನ್ನು ಯಾರೂ ಹೇಳುವುದಿಲ್ಲ. ಯೋಬನಿಗೆ ಮತ್ತೆ ಏಳು ಗಂಡು, ಮೂರು ಹೆಣ್ಣು ಹುಟ್ಟಿದರು. ಸತ್ತ ಮಕ್ಕಳಿಗೆ ಇದು ಸಮವೇ ಎಂಬುದು ಬೇರೆ ಜಗಳ. ಅಪ್ಪ ಹೆಣ್ಣುಮಕ್ಕಳಿಗೂ ಅಣ್ಣತಮ್ಮಂದಿರ ಜೊತೆ ಆಸ್ತಿ ಕೊಟ್ಟ ಎಂದು ಬರೆದಿದೆ. ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೆ ಸಮಪಾಲು 2005ರ ತಿದ್ದುಪಡಿಯಲ್ಲಿದೆ. ಅದು ಹುಟ್ಟಿನಿಂದಲೇ ಬಂದ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಆದರೂ ಅರಿಸಿನ ಕುಂಕುಮ, ಒಂದು ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತೇವೆ. ತವರಿನಲ್ಲಿ ಕಾಲೂರಲು ಜಾಗವಿಲ್ಲದವಳು ಹೊಡೆಯುವವನ ಮನೆಗೇ ವಾಪಸು ಹೋಗುತ್ತಾಳೆ. ಅದಕ್ಕೂ ಹಣೆಬರಹ ಅನ್ನುತ್ತೇವೆ.

ಮುಂದಿನ ಸಭೆಗೆ ಉಳಿತಾಯದ ಪುಸ್ತಕದ ಜೊತೆ ತವರಿನ ಪಹಣಿಯನ್ನೂ ತನ್ನಿ. ಯಾರ ಹೆಸರಿದೆ, ಯಾರದು ಬಿಟ್ಟಿದೆ, ಒಟ್ಟಿಗೆ ಕೂತು ಓದೋಣ.